ಅಳಿವೆಯ ಊರುಗಳು, ಬಂಡೆಯ ಕೋಟೆಗಳು

ಇಬ್ನ್ ಬತೂತ 1342ರ ಸುಮಾರಿಗೆ ಪಶ್ಚಿಮ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದ. ದಾರಿಯಲ್ಲಿ ಅವನು ಹೆಸರಿಸುವ ಬಂದರುಗಳಲ್ಲಿ ನಾಲ್ಕು ನಮ್ಮವು. ಅವನ ಹಿನೌರ್ ಎಂದರೆ ಹೊನ್ನಾವರ, ಅಬೂ ಸರೂರ್ ಎಂದರೆ ಬಸ್ರೂರು, ಫಾಕನೂರ್ ಎಂದರೆ ಬಾರಕೂರು, ಮಂಜರೂರ್ ಎಂದರೆ ಮಂಗಳೂರು. ಈ ಭಾಗವನ್ನು ಓದುವವರು ಸಾಮಾನ್ಯವಾಗಿ ಅಲ್ಲಿನ ರಾಜರು, ಮುಸ್ಲಿಂ ವರ್ತಕರು, ಮೆಣಸು, ಸುಂಕ ಇತ್ಯಾದಿಗಳ ಕಡೆ ಗಮನ ಕೊಡುತ್ತಾರೆ. ಕೆನರಾದ ಹಳೆಯ ಬಂದರುಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನೂ ಬಹುಕಾಲ ಹಾಗೆಯೇ ಓದಿದೆ. ಆಮೇಲೆ ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನಾಲ್ಕೂ ಊರುಗಳ ಬಗ್ಗೆ ಅವನು ತಪ್ಪದೆ ಹೇಳುವ ಮಾತೆಂದರೆ, ಊರು ಇರುವುದು ನೆಲದೊಳಗೆ ಚಾಚಿಕೊಂಡ ನೀರಿನ ದಡದಲ್ಲಿ. ಹೊನ್ನಾವರ ಕಡಲಿನಿಂದ ಅರ್ಧ ಮೈಲಿ ಒಳಗಿದೆ, ಮಳೆಗಾಲದ ನಾಲ್ಕು ತಿಂಗಳು ಅಲ್ಲಿಂದ ಮೀನು ಹಿಡಿಯುವವರನ್ನು ಬಿಟ್ಟು ಯಾರೂ ಕಡಲಿಗೆ ಇಳಿಯಲಾರರು ಎಂದೂ ಬರೆಯುತ್ತಾನೆ.

ಅಂದರೆ ಕರಾವಳಿಯ ಪ್ರಸಿದ್ಧ ಬಂದರುಗಳಲ್ಲಿ ಒಂದೂ ನಿಜವಾಗಿ ಕಡಲ ತಡಿಯಲ್ಲಿ ಇರಲಿಲ್ಲ. ಅವೆಲ್ಲ ಅಳಿವೆಯ ಊರುಗಳು. ನದಿ ಕಡಲು ಸೇರುವ ಬಾಗಿಲಿನ ಒಳಬದಿಯಲ್ಲಿ, ಮರಳಿನ ದಿಣ್ಣೆಯ ಮರೆಯಲ್ಲಿ ಬೆಳೆದವು. ಇದಕ್ಕೆ ಎದುರಾಗಿ, ಇದೇ ಕರಾವಳಿಯಲ್ಲಿ ಕಡಲಿಗೇ ಮುಖಮಾಡಿ ನಿಂತ ಜಾಗಗಳೂ ಇವೆ: ಅಂಜದೀವ, ಸದಾಶಿವಗಡ, ಹೊನ್ನಾವರದ ಎದುರಿನ ಬಸವರಾಜ ದುರ್ಗ. ಇಲ್ಲಿ ಪೇಟೆ ಬೆಳೆಯಲಿಲ್ಲ, ಕೋಟೆ ಎದ್ದಿತು. ಪೇಟೆ ಒಂದು ಬಗೆಯ ನೆಲವನ್ನೂ ಕೋಟೆ ಇನ್ನೊಂದು ಬಗೆಯ ನೆಲವನ್ನೂ ಆರಿಸಿಕೊಂಡದ್ದು ಹೇಗೆ? ಉತ್ತರ ಹುಡುಕಲು ದಫ್ತರಗಳನ್ನು ಬಿಟ್ಟು ಕಲ್ಲಿನ ಕಡೆ ನೋಡಬೇಕಾಗುತ್ತದೆ.

ಕರ್ನಾಟಕದ ಕರಾವಳಿ ಸುಮಾರು 300 ಕಿಲೋಮೀಟರ್ ಉದ್ದ. ಭೂಪಟದಲ್ಲಿ ಅದು ಒಂದೇ ನೇರ ಗೆರೆಯಂತೆ ಕಂಡರೂ ಕಾಲ್ನಡಿಗೆಯಲ್ಲಿ ಹೋದವರಿಗೆ ಮೂರು ಬೇರೆ ಬೇರೆ ನೆಲಗಳು ಸಿಗುತ್ತವೆ. ಒಂದು, ಗ್ರಾನೈಟ್ ಮತ್ತು ನೈಸ್‌ನಂಥ ಗಟ್ಟಿ ಶಿಲೆಯ ನೆಲ. ಇನ್ನೊಂದು, ನಾವು ಮುರಕಲ್ಲು, ಚಿರೆಕಲ್ಲು, ಕೆಂಪುಕಲ್ಲು ಎಂದೆಲ್ಲ ಕರೆಯುವ ಲ್ಯಾಟರೈಟ್‌ನ ನೆಲ. ಮೂರನೆಯದು ಮರಳು. ಉತ್ತರಕ್ಕೆ ಹೋದಷ್ಟೂ ಮೊದಲನೆಯದು, ದಕ್ಷಿಣಕ್ಕೆ ಬಂದಷ್ಟೂ ಮೂರನೆಯದು ಹೆಚ್ಚು. ನಡುನಡುವೆ ಒಂದರೊಳಗೊಂದು ಬೆರೆತಿರುವುದೂ ಉಂಟು. ಅಲೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ, ಅದೇ ಅರಬ್ಬೀ ಸಮುದ್ರ, ಅದೇ ಮುಂಗಾರು. ಆದರೆ ಅದಕ್ಕೆ ಈ ಮೂರು ನೆಲಗಳು ಕೊಡುವ ಉತ್ತರ ಬೇರೆ ಬೇರೆ.

ಮೊದಲು ಗಟ್ಟಿ ಕಲ್ಲನ್ನು ನೋಡೋಣ. ಕಾರವಾರದಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿನವರೆಗೂ ಬಂದು ನೀರಿಗೆ ಇಳಿಯುತ್ತವೆ. ಅಲ್ಲಿನ ಶಿಲೆಗಳು 250 ಕೋಟಿ ವರ್ಷಗಳ ಆಸುಪಾಸಿನವು, ಕೆಲವು ಅದಕ್ಕೂ ಹಳೆಯವು. ಇಂಥ ಬಂಡೆಯನ್ನು ಅಲೆ ಕರಗಿಸುವುದಿಲ್ಲ, ಬಿರುಕು ಹುಡುಕುತ್ತದೆ. ಅಪ್ಪಳಿಸುವ ನೀರು ಬಿರುಕಿನೊಳಗಿನ ಗಾಳಿಯನ್ನು ಒತ್ತುತ್ತದೆ, ಹಿಂದೆ ಸರಿದಾಗ ಆ ಗಾಳಿ ಸಿಡಿದಂತೆ ಹಿಗ್ಗುತ್ತದೆ. ದಿನಕ್ಕೆ ಸಾವಿರಾರು ಸಲ ನಡೆಯುವ ಈ ಕೆಲಸ ಶತಮಾನಗಳ ಮೇಲೆ ಒಂದು ಬಂಡೆಯನ್ನು ಸಡಿಲಿಸುತ್ತದೆ. ಮರಳು, ಉರುಟು ಕಲ್ಲುಗಳು ಅಲೆಯ ಜೊತೆ ಸೇರಿ ಉಜ್ಜುಕಾಗದದಂತೆ ಕೆಲಸ ಮಾಡುತ್ತವೆ. ಹೀಗೆ ಮೆತ್ತಗಿನ ಭಾಗ ಒಳಸರಿದು ಕೊಲ್ಲಿಯಾಗುತ್ತದೆ, ಗಟ್ಟಿ ಭಾಗ ಮುಂದೆ ಉಳಿದು ಭೂಶಿರವಾಗುತ್ತದೆ, ಭೂಶಿರದಿಂದಲೂ ಕಡಿದುಹೋದ ತುಂಡು ದ್ವೀಪವಾಗುತ್ತದೆ. ಭೂಶಿರ ಉಂಟಾದ ಮೇಲೆ ಅಲೆಗಳು ಬಾಗಿ ಅದರ ಮೇಲೆಯೇ ಹೆಚ್ಚು ಬಲ ಹಾಕುತ್ತವೆ. ಕೊಲ್ಲಿಯೊಳಗೆ ಹೋಗುವ ಅಲೆಯ ಬಲ ಹರಡಿ ಕಡಿಮೆಯಾಗುತ್ತದೆ, ಅಲ್ಲಿ ಮರಳು ನಿಲ್ಲುತ್ತದೆ. ಗೋಕರ್ಣದ ಕುಡ್ಲೆ, ಓಂ ಬೀಚ್‌ಗಳಿಗೆ ಹೋದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಓಂ ಆಕಾರದ ಎರಡು ಅರ್ಧಚಂದ್ರಗಳು ಮರಳಿನವು, ಅವುಗಳನ್ನು ಹಿಡಿದು ನಿಲ್ಲಿಸಿರುವುದು ಅಕ್ಕಪಕ್ಕದ ಮತ್ತು ನಡುವಿನ ಬಂಡೆಗಳು.

ಈ ಗಟ್ಟಿ ನೆಲದ ಇತಿಹಾಸವೆಲ್ಲ ಹೊರಗಿನಿಂದ ಹಡಗಿನಲ್ಲಿ ಬಂದವರ ಇತಿಹಾಸ. ಕಾರವಾರದ ದಕ್ಷಿಣಕ್ಕಿರುವ ಅಂಜದೀವ ದ್ವೀಪವನ್ನೇ ತೆಗೆದುಕೊಳ್ಳಿ. ಆಡಳಿತದ ಲೆಕ್ಕದಲ್ಲಿ ಅದು ಗೋವಾಕ್ಕೆ ಸೇರಿದ್ದು, ನೆಲದ ಲೆಕ್ಕದಲ್ಲಿ ಕಾರವಾರದ ಬೆಟ್ಟಗಳ ಒಂದು ತುಂಡು. 1498ರಲ್ಲಿ ಹಿಂದಿರುಗುವ ದಾರಿಯಲ್ಲಿ ವಾಸ್ಕೋ ಡ ಗಾಮ ತನ್ನ ಹಡಗುಗಳ ದುರಸ್ತಿಗೆ, ಸಿಹಿನೀರಿಗೆ ಇಲ್ಲಿ ತಂಗಿದ್ದ. 1505ರಲ್ಲಿ ಫ್ರಾನ್ಸಿಸ್ಕೊ ದ ಅಲ್ಮೇಡ ಕೋಟೆ ಕಟ್ಟಿಸಿದ. ಮರುವರ್ಷವೇ ಪೋರ್ಚುಗೀಸರು ಅದನ್ನು ಕೆಡವಿ ಬಿಟ್ಟುಹೋದರು. ಹಡಗು ನಿಲ್ಲಲು ಆಳವಾದ ನೀರಿತ್ತು, ಗಾಳಿಗೆ ಮರೆಯಿತ್ತು. ಆದರೆ ಬಂಡೆಯ ಮೇಲೆ ಅಕ್ಕಿ ಬೆಳೆಯುವುದಿಲ್ಲ, ಹಿನ್ನಾಡಿನಿಂದ ಸರಕು ಹೊತ್ತ ದೋಣಿ ಇಳಿದು ಬರುವುದಿಲ್ಲ.

ಒಂದೂವರೆ ಶತಮಾನದ ನಂತರ ಅದೇ ಪಾಠವನ್ನು ಇಂಗ್ಲಿಷರು ಇನ್ನೂ ಕಠಿಣವಾಗಿ ಕಲಿತರು. 1661ರ ಮದುವೆಯ ಒಪ್ಪಂದದಂತೆ ಬೊಂಬಾಯಿಯನ್ನು ಪಡೆಯಲು ಬಂದ ಸೈನ್ಯಕ್ಕೆ ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಊರನ್ನು ಬಿಟ್ಟುಕೊಡಲಿಲ್ಲ. ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ ಅಂಜದೀವದಲ್ಲಿ ಕಾಯುತ್ತ ಕುಳಿತ. 1665ರಲ್ಲಿ ಬೊಂಬಾಯಿ ಕೊನೆಗೂ ಕೈಸೇರುವ ಹೊತ್ತಿಗೆ ಜ್ವರ ಮತ್ತು ಹಸಿವಿಗೆ ಸಿಕ್ಕಿ ಅವರಲ್ಲಿ ಹೆಚ್ಚಿನವರು ಸತ್ತಿದ್ದರು. ಶಿಪ್‌ಮನ್ ಕೂಡ ದ್ವೀಪದಲ್ಲೇ ತೀರಿಕೊಂಡಿದ್ದ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಳವಾದ ನೀರಿನ ಬೆಲೆ ಏರಿತು. ಉಗಿಹಡಗುಗಳಿಗೆ ಅಳಿವೆಯ ದಿಣ್ಣೆ ದಾಟುವುದು ಕಷ್ಟ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಯ ಪೂರೈಕೆ ನಿಂತಾಗ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದಿಂದ ಸಾಗಿಸುವ ಯೋಜನೆ ಜೋರಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬೇರ್ಪಡಿಸಿ ಬೊಂಬಾಯಿಗೆ ಸೇರಿಸಲಾಯಿತು. ಆದರೆ ರೈಲು ಕಾರವಾರಕ್ಕೆ ಬರಲಿಲ್ಲ, 1880ರ ದಶಕದಲ್ಲಿ ಮರ್ಮಗೋವಾಕ್ಕೆ ಹೋಯಿತು. ಕಾರವಾರ ರೈಲು ಕಂಡದ್ದು ಕೊಂಕಣ ರೈಲ್ವೆ ಬಂದ 1990ರ ದಶಕದಲ್ಲಿ. ಕಲ್ಲು ಒಂದು ಅವಕಾಶವನ್ನಷ್ಟೇ ಕೊಡುತ್ತದೆ, ಅದನ್ನು ಬಳಸುವುದು ಬಿಡುವುದು ಸರ್ಕಾರಗಳ ಕೈಯಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೊನೆಗೆ ಆ ಅವಕಾಶವನ್ನು ಬಳಸಿಕೊಂಡದ್ದು ನೌಕಾಪಡೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಯ ನೆಲೆ 2005ರಲ್ಲಿ ಐಎನ್ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಬಂತು. ಅಲೆತಡೆ ಕಟ್ಟಿ ಅಂಜದೀವವನ್ನು ದಡಕ್ಕೆ ಜೋಡಿಸಿದ್ದಾರೆ. ಈ ನೆಲೆಗಾಗಿ ಊರು ಬಿಟ್ಟ ಮೀನುಗಾರರಿಗೆ, ರೈತರಿಗೆ ಭೂಶಿರದ ಭೂಗರ್ಭಶಾಸ್ತ್ರ ತಮ್ಮ ಬದುಕಿನ ವಿಷಯವಾದದ್ದು ಹೀಗೆ.

ಎರಡನೆಯ ನೆಲ ಲ್ಯಾಟರೈಟ್‌ನದು. ಇದಕ್ಕೆ ಆ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪುವಿನ ಪತನದ ನಂತರ, 1800–01ರಲ್ಲಿ, ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ 1807ರಲ್ಲಿ ಅವನು ಪ್ರಕಟಿಸಿದ ಪುಸ್ತಕವನ್ನು ನಾವು ಇತಿಹಾಸದ ವಿದ್ಯಾರ್ಥಿಗಳು ಕಂದಾಯ, ಬೆಳೆ, ಜಾತಿಗಳ ಮಾಹಿತಿಗಾಗಿ ಓದುತ್ತೇವೆ. ಭೂಗರ್ಭಶಾಸ್ತ್ರದವರು ಅದೇ ಪುಸ್ತಕವನ್ನು ಕಲ್ಲಿಗಾಗಿ ಓದುತ್ತಾರೆ. ಮಲಬಾರಿನ ಅಂಗಾಡಿಪುರದಲ್ಲಿ ಜನರು ನೆಲದಿಂದ ಮೆತ್ತಗಿನ ಕಲ್ಲನ್ನು ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನೂ, ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗುವುದನ್ನೂ ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅವನು ಲ್ಯಾಟರೈಟ್ ಎಂಬ ಹೆಸರು ಮಾಡಿದ. ನಮ್ಮ ಕಡೆಯ ಜಂಬಿಟ್ಟಿಗೆ ಎಂಬ ಪದದಲ್ಲೂ ಇಟ್ಟಿಗೆಯೇ ಇದೆ. ಬುಕನನ್‌ಗಿಂತ ಎಷ್ಟೋ ಮೊದಲೇ ಕಲ್ಲು ಕಡಿಯುವವರು ಅದನ್ನು ಹಾಗೆ ನೋಡಿದ್ದರು.

ಬಿಸಿಲು ಮತ್ತು ಭಾರೀ ಮಳೆ ಸೇರಿ ಹಳೆಯ ಶಿಲೆಯನ್ನು ಲಕ್ಷಾಂತರ ವರ್ಷ ಕೊಳೆಸಿದಾಗ ಕರಗುವುದೆಲ್ಲ ಕರಗಿಹೋಗಿ ಕಬ್ಬಿಣ, ಅಲ್ಯುಮಿನಿಯಂಗಳು ಮೇಲೆ ಉಳಿಯುತ್ತವೆ. ಆ ಕೆಂಪು ಹೊದಿಕೆಯೇ ಮುರಕಲ್ಲು. ಅದರ ಕೆಳಗೆ ಬಿಳಿ, ಹಳದಿ, ಗುಲಾಬಿ ಬಣ್ಣಗಳ ಮೆತ್ತಗಿನ ಮಣ್ಣಿನ ಪದರವಿರುತ್ತದೆ. ದಕ್ಷಿಣ ಕನ್ನಡದಲ್ಲಿ ಅದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಬಾವಿ ತೋಡುವವರಿಗೆ, ರಸ್ತೆ ಮಾಡುವವರಿಗೆ ಶೇಡಿಯ ಗುಣ ಚೆನ್ನಾಗಿ ಗೊತ್ತು. ಒಣಗಿದಾಗ ನಿಲ್ಲುತ್ತದೆ, ನೀರು ಹೊಕ್ಕರೆ ಕುಸಿಯುತ್ತದೆ. ಲ್ಯಾಟರೈಟ್‌ನ ದಂಡೆ ಸವೆಯುವ ಬಗೆಯೆಲ್ಲ ಈ ಜೋಡಿಯಲ್ಲಿ ಅಡಗಿದೆ. ಅಲೆ ಮೇಲಿನ ಗಟ್ಟಿ ಕಲ್ಲಿನ ಗೊಡವೆಗೆ ಹೋಗುವುದಿಲ್ಲ, ಬುಡದ ಮೆತ್ತಗಿನ ಪದರವನ್ನು ಕೆರೆಯುತ್ತದೆ. ಮೇಲಿನಿಂದ ಮಳೆನೀರು ಇಳಿದು ಅದೇ ಪದರವನ್ನು ನೆನೆಸುತ್ತದೆ. ಒಂದು ದಿನ ಮೇಲಿನ ಕಲ್ಲು ಮನೆಯಷ್ಟು ದೊಡ್ಡ ತುಂಡುಗಳಾಗಿ ಉರುಳುತ್ತದೆ. ಬಿದ್ದ ತುಂಡುಗಳು ಕೆಲವು ಕಾಲ ಬುಡವನ್ನು ಕಾಯುತ್ತವೆ, ಅವು ಪುಡಿಯಾದ ಮೇಲೆ ಮತ್ತೆ ಕೆರೆತ ಶುರು. ವರ್ಷಗಟ್ಟಲೆ ಏನೂ ಆಗದೆ, ಆಮೇಲೆ ಒಮ್ಮೆಲೇ ಕುಸಿಯುವ ದಂಡೆ ಇದು. ಮೇಲೆ ನಿಂತವರಿಗೆ ಕಾಲಡಿಯ ನೆಲ ಗಟ್ಟಿಯಾಗಿಯೇ ಕಾಣುತ್ತದೆ.

ಈ ಕಲ್ಲು ಇಲ್ಲದೆ ಕೆನರಾದ ಕಟ್ಟಡಗಳಿಲ್ಲ. ಅಘನಾಶಿನಿಯ ಬದಿಯ ಮಿರ್ಜಾನ್ ಕೋಟೆ ಪೂರ್ತಿ ಲ್ಯಾಟರೈಟ್‌ನದು. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅದರ ಜೊತೆ ಸೇರಿಕೊಂಡಿದೆ. ಕೋಟೆ ಇರುವುದು ಕಡಲಂಚಿನಲ್ಲಲ್ಲ, ಅಳಿವೆಯಿಂದ ಒಳಗೆ, ಘಟ್ಟದ ಮೆಣಸು ಇಳಿದು ಬರುವ ನೀರದಾರಿಯ ಪಕ್ಕದಲ್ಲಿ. ಕಡಿಯಲು ಸುಲಭ, ಕಟ್ಟಿದ ಮೇಲೆ ಗಟ್ಟಿ ಎಂಬ ಕಲ್ಲು ಸಿಕ್ಕಿದಲ್ಲೇ ಕೋಟೆ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಮೂರನೆಯ ನೆಲ ಮರಳು. ನಮ್ಮ ದೊಡ್ಡ ಪೇಟೆಗಳ ಬದುಕು ನಡೆದದ್ದು ಇದರ ಆಸರೆಯಲ್ಲಿ. ನದಿಗಳು ಘಟ್ಟದಿಂದ ಮರಳು ತರುತ್ತವೆ, ಅಲೆ ಮತ್ತು ತೀರದುದ್ದಕ್ಕೂ ಹರಿಯುವ ಪ್ರವಾಹ ಅದನ್ನು ಹೊತ್ತು ನದಿಯ ಬಾಯಿಗೆ ಅಡ್ಡಲಾಗಿ ನಾಲಗೆಯಂತೆ ಚಾಚುತ್ತವೆ. ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದು ನೀರೊಳಗೆ ದಿಣ್ಣೆ ಮಾಡುತ್ತವೆ, ಬೇಸಿಗೆಯ ಸಣ್ಣ ಅಲೆಗಳು ಅದನ್ನು ವಾಪಸು ತಂದು ಹಾಕುತ್ತವೆ. ಮರಳ ದಂಡೆ ವರ್ಷಕ್ಕೊಮ್ಮೆ ಉಸಿರಾಡುತ್ತದೆ ಎನ್ನಬಹುದು. ಜುಲೈಯಲ್ಲಿ ನೋಡಿದರೆ ಎಲ್ಲ ಕೊಚ್ಚಿಹೋಗಿದೆ ಅನಿಸುತ್ತದೆ, ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ.

ಈ ನಾಲಗೆಗಳಿಂದಾಗಿಯೇ ನದಿಗಳು ಕಡಲ ಹತ್ತಿರ ಬಂದರೂ ಕಡಲು ಸೇರಲಾಗದೆ ಸುತ್ತಾಡುತ್ತವೆ. ಮರವಂತೆಯಲ್ಲಿ ಸೌಪರ್ಣಿಕಾ ಕಡಲಿನ ಪಕ್ಕಕ್ಕೇ ಬಂದು, ನಡುವೆ ಹೆದ್ದಾರಿಗೆ ಸಾಲುವಷ್ಟು ಜಾಗ ಬಿಟ್ಟು, ಮತ್ತೆ ತಿರುಗಿ ಗಂಗೊಳ್ಳಿಯಲ್ಲಿ ಉಳಿದ ನದಿಗಳ ಜೊತೆ ಕಡಲು ಸೇರುತ್ತದೆ. ಆ ಅಳಿವೆಯ ಒಳಗೆ, ವಾರಾಹಿಯ ದಡದಲ್ಲಿ ಬಸ್ರೂರು. ಅಕ್ಕಿಯ ಈ ಪೇಟೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಕೋಟೆ ಕಟ್ಟಿದರು. 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದೋಚಿದ. ಇವತ್ತು ಬಸ್ರೂರಿಗೆ ಹೋದರೆ ದೇವಸ್ಥಾನಗಳು, ಶಾಸನಗಳು, ಕೇರಿಗಳ ಹೆಸರುಗಳು ಸಿಗುತ್ತವೆ, ಬಂದರು ಸಿಗುವುದಿಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರಕೂರಿನದೂ ಅದೇ ಕತೆ. ಈ ಪೇಟೆಗಳು ಕುಂದಿದ್ದಕ್ಕೆ ಹೂಳೊಂದೇ ಕಾರಣ ಎಂದು ನಾನು ಹೇಳಲಾರೆ. ವಿಜಯನಗರದ ಪತನ, ಪೋರ್ಚುಗೀಸರ ಪರವಾನಗಿ ಪದ್ಧತಿ, ಕೆಳದಿ ನಾಯಕರ ಮತ್ತು ಮೈಸೂರಿನ ಯುದ್ಧಗಳು ಎಲ್ಲವೂ ಸೇರಿವೆ. ಆದರೆ ಹಡಗು ದೊಡ್ಡದಾಗುತ್ತ ಹೋದಂತೆ, ಮರಳಿನ ಮರೆಯಲ್ಲಿ ಇರುವ ಅನುಕೂಲವೇ ಅನನುಕೂಲವಾಯಿತು. ಹಿಂದೆ ಶತ್ರುವನ್ನೂ ಅಲೆಯನ್ನೂ ತಡೆದ ದಿಣ್ಣೆ ಈಗ ವ್ಯಾಪಾರವನ್ನೂ ತಡೆಯಿತು. ಮಂಗಳೂರಿನ ಬೋಳೂರಿನಲ್ಲಿರುವ ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿ ಕಡಲ ದಡದಲ್ಲಿಲ್ಲ, ಗುರುಪುರ ನದಿಯ ದಡದಲ್ಲಿದೆ. ಬರುವ ಹಡಗು ಯಾವ ಬಾಗಿಲಿನಿಂದ ಒಳಬರಬೇಕು ಎಂಬುದು ಕಾವಲುಗಾರನಿಗೆ ಗೊತ್ತಿತ್ತು.

ಮರಳು ಚಲಿಸುತ್ತದೆ ಎಂಬುದು ಇಲ್ಲಿನ ಜನರಿಗೆ ಯಾವತ್ತೂ ಹೊಸ ವಿಷಯವಾಗಿರಲಿಲ್ಲ. ನಮ್ಮ ಸ್ಥಳನಾಮಗಳನ್ನು ನೋಡಿ. ಮುರಕಲ್ಲಿನ ಬಯಲು ಪದವು, ಬಂಡೆ ಪಾದೆ, ನದಿಯ ನಡುಗಡ್ಡೆ ಕುದ್ರು, ಮರಳಿನ ಚಾಚು ಕೋಡಿ ಅಥವಾ ಬೆಂಗ್ರೆ. ಊರಿನ ಹೆಸರು ಕೇಳಿದರೆ ಕಾಲಡಿಯಲ್ಲಿ ಏನಿದೆ ಎಂದು ತಿಳಿಯುತ್ತಿತ್ತು. ಕಲ್ಲಿನ ದೇವಸ್ಥಾನವನ್ನು ಪಾದೆಯ ಮೇಲೆ ಕಟ್ಟಿದರು, ಮಡಲಿನ ಗುಡಿಸಲನ್ನು ಬೆಂಗ್ರೆಯಲ್ಲಿ ಕಟ್ಟಿದರು. ಗುಡಿಸಲನ್ನು ಬಿಚ್ಚಿ ಹಿಂದಕ್ಕೆ ಒಯ್ಯಬಹುದು.

ಮರಳಿನ ದಕ್ಷಿಣ ಭಾಗದಲ್ಲೂ ಅಲ್ಲಲ್ಲಿ ಗಟ್ಟಿ ಕಲ್ಲು ತಲೆಯೆತ್ತುತ್ತದೆ. 1901ರಲ್ಲಿ ಕಾಪುವಿನ ದೀಪಸ್ತಂಭ ನಿಂತದ್ದು ಅಂಥ ಒಂದು ಬಂಡೆಯ ಮೇಲೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಇನ್ನೂ ವಿಶೇಷ. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಮತ್ತು ಭಾರತ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಐದಾರು ಮುಖಗಳ ಕಂಬಗಳಾಗಿ ಒಡೆಯಿತು. ಅಲೆ ಈಗ ಆ ಬಿರುಕುಗಳ ಗುಂಟವೇ ಕಂಬಗಳನ್ನು ಒಂದೊಂದಾಗಿ ಕಳಚುತ್ತಿದೆ. ಹಾಗೆ ಕಳಚುತ್ತಲೂ ಆ ದ್ವೀಪಗಳು ಮಲ್ಪೆಗೆ ಬರುವ ಅಲೆಯ ಬಲವನ್ನು ತುಸು ತಗ್ಗಿಸುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ನಾವು ಮಾಡಿದ್ದು ಮೂರನೆಯ ನೆಲವನ್ನು ಮೊದಲನೆಯದರಂತೆ ನಡೆಸಿಕೊಳ್ಳುವ ಪ್ರಯತ್ನ. ಪಣಂಬೂರಿನ ಮರಳ ತೀರವನ್ನು ಅಗೆದು, ಎರಡು ಬದಿಗೆ ಅಲೆತಡೆ ಹಾಕಿ ನವಮಂಗಳೂರು ಬಂದರು ಕಟ್ಟಿದೆವು. 1974ರಲ್ಲಿ ಅದು ಪ್ರಮುಖ ಬಂದರೆಂದು ಘೋಷಣೆಯಾಯಿತು, 1975ರಲ್ಲಿ ಉದ್ಘಾಟನೆಯಾಯಿತು. ನಾಡಿಗೆ ಅದರ ಅಗತ್ಯವಿತ್ತು. 1990ರ ದಶಕದಲ್ಲಿ ನೇತ್ರಾವತಿ–ಗುರುಪುರ ಅಳಿವೆಗೂ ಕಲ್ಲಿನ ತಡೆಗಳು ಬಂದವು. ಮೀನುಗಾರಿಕೆ ದೋಣಿಗಳಿಗೆ ಸ್ಥಿರವಾದ ಬಾಗಿಲು ಬೇಕಿತ್ತು, ಅಳಿವೆಯ ದಿಣ್ಣೆಗೆ ಬಡಿದು ದೋಣಿ ಮಗುಚಿದರೆ ಏನಾಗುತ್ತದೆ ಎಂದು ತಿಳಿದವರು ಅದನ್ನು ಬೇಡವೆನ್ನಲಾರರು. ಆದರೆ ಮರಳಿಗೆ ಅಡ್ಡ ನಿಲ್ಲಿಸಿದ ಕಲ್ಲು ಒಂದು ಬದಿಯಲ್ಲಿ ಮರಳನ್ನು ಹಿಡಿದಿಟ್ಟರೆ ಇನ್ನೊಂದು ಬದಿಗೆ ಅದು ಹೋಗುವುದಿಲ್ಲ. ಬೆಂಗ್ರೆಯ ಬದಿ ಬೆಳೆಯಿತು, ಉಳ್ಳಾಲದ ಬದಿ ಸವೆಯಿತು. ಸವೆಯುವ ಕಡೆ ಕಗ್ಗಲ್ಲಿನ ಗೋಡೆ ಹಾಕಲಾಯಿತು. ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ತೋಡಿತು, ಗೋಡೆ ಕುಸಿಯಿತು, ಗೋಡೆ ಮುಗಿದಲ್ಲಿಂದ ಮುಂದಿನ ದಂಡೆ ಸವೆಯತೊಡಗಿತು. 2010ರ ದಶಕದಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಉಳ್ಳಾಲದ ಎದುರು ನೀರೊಳಗೆ ದಿಬ್ಬಗಳನ್ನು ನಿರ್ಮಿಸಿ ಅಲೆಯ ಬಲವನ್ನು ದಡಕ್ಕೆ ಮೊದಲೇ ಒಡೆಯುವ ಕೆಲಸವಾಯಿತು. ಒಂದು ರೀತಿಯಲ್ಲಿ ಅದು ಪ್ರಕೃತಿ ಮಲ್ಪೆಯ ಎದುರು ಇಟ್ಟ ದ್ವೀಪಗಳ ಅನುಕರಣೆ.

ಇನ್ನೊಂದು ತುದಿಯಿಂದಲೂ ಲೆಕ್ಕ ತಪ್ಪಿತು. ಮರಳ ದಂಡೆ ಬದುಕುವುದು ನದಿ ತರುವ ಹೊಸ ಮರಳಿನಿಂದ. 1964ರಲ್ಲಿ ಮುಗಿದ ಲಿಂಗನಮಕ್ಕಿಯಂಥ ಅಣೆಕಟ್ಟುಗಳ ಹಿಂದೆ ಅದರ ಒಂದು ಪಾಲು ನಿಂತಿತು, ಹೊಳೆಯ ತಳದಿಂದ ಇನ್ನೊಂದು ಪಾಲು ಲಾರಿ ಹತ್ತಿತು. ಕಡಲು ಒಯ್ಯುವುದು ಒಯ್ಯುತ್ತಲೇ ಇದೆ, ತಂದುಕೊಡುವವರು ಕಡಿಮೆಯಾದರು.

ನಮ್ಮ ಕಾನೂನಿಗೂ ಈ ಮೂರು ನೆಲಗಳ ವ್ಯತ್ಯಾಸ ಸರಿಯಾಗಿ ಕಾಣಲಿಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರ್ ಎಂದು ಅಳೆಯಿತು. ಕಾರವಾರದ ಬಂಡೆಗೂ ಬೆಂಗ್ರೆಯ ಮರಳಿಗೂ ಅದೇ ಟೇಪು. 2011ರ ಅಧಿಸೂಚನೆಯಲ್ಲಿ ದಂಡೆ ಎಷ್ಟು ಸರಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವ ಅಪಾಯ ರೇಖೆಯ ಕಲ್ಪನೆ ಬಂತು. 2019ರ ಹೊತ್ತಿಗೆ ಅದನ್ನು ವಿಪತ್ತು ನಿರ್ವಹಣೆಯ ಯೋಜನೆಗೆ ಮಾತ್ರ ಉಳಿಸಿಕೊಳ್ಳಲಾಯಿತು.

ಪ್ರತಿ ಜೂನ್‌ನಲ್ಲಿ ಪತ್ರಿಕೆಗಳಲ್ಲಿ ಕಡಲ್ಕೊರೆತದ ಚಿತ್ರಗಳು ಬರುತ್ತವೆ. ಬಾಗಿದ ತೆಂಗಿನಮರ, ಅರ್ಧ ಗೋಡೆಯ ಮನೆ, ಭೇಟಿ ಕೊಟ್ಟ ಮಂತ್ರಿ, ಇನ್ನಷ್ಟು ಕಲ್ಲು ಹಾಕುವ ಭರವಸೆ. ಆ ಸುದ್ದಿಯಲ್ಲಿ ಕಡಲು ಯಾವಾಗಲೂ ಇದ್ದಕ್ಕಿದ್ದಂತೆ ಸಿಟ್ಟಿಗೆದ್ದ ರಾಕ್ಷಸ. ಮನೆ ಕಳೆದುಕೊಂಡವರ ಸಂಕಟ ನಿಜ, ಆ ಸಂಕಟಕ್ಕೆ ಸಿಗುವ ವಿವರಣೆ ಮಾತ್ರ ಪೂರ್ತಿ ನಿಜವಲ್ಲ. ಮನೆ ಯಾವ ನೆಲದ ಮೇಲಿತ್ತು, ಆ ನೆಲಕ್ಕೆ ಮರಳು ಎಲ್ಲಿಂದ ಬರುತ್ತಿತ್ತು, ಅದು ಯಾವ ವರ್ಷದಿಂದ ನಿಂತಿತು, ಅದಕ್ಕೂ ಮುಂಚೆ ಹತ್ತಿರದಲ್ಲಿ ಏನು ಕಟ್ಟಲಾಗಿತ್ತು ಎಂಬ ಪ್ರಶ್ನೆಗಳನ್ನು ಕೇಳಿದರೆ ಉತ್ತರಗಳಲ್ಲಿ ದಿನಾಂಕಗಳು, ಆದೇಶಗಳು, ಟೆಂಡರುಗಳು ಬರುತ್ತವೆ. ಅದು ಇತಿಹಾಸಕಾರರು ಮಾಡಬೇಕಾದ ಕೆಲಸ. ಪ್ರಕೃತಿ ವಿಕೋಪ ಎಂದು ಬರೆದು ಮುಚ್ಚಿದ ಕಡತದಲ್ಲಿ ಪರಿಹಾರಕ್ಕೆ ಹಕ್ಕಿಲ್ಲ, ದಯೆ ಮಾತ್ರ ಇದೆ. ಮಾನವ ನಿರ್ಧಾರಗಳ ಸರಣಿ ಎಂದು ತೋರಿಸಿದರೆ ಅದೇ ಕುಟುಂಬಗಳು ಬೇರೆ ದನಿಯಲ್ಲಿ ಮಾತಾಡಬಹುದು.

ಉಳ್ಳಾಲದ ದಕ್ಷಿಣಕ್ಕೆ ಸೋಮೇಶ್ವರದಲ್ಲಿ ದೇವಸ್ಥಾನ ಬಂಡೆಗಳ ಮೇಲೆ ನಿಂತಿದೆ. ಎದುರಿನ ಕಲ್ಲುಗಳನ್ನು ರುದ್ರಶಿಲೆ ಎನ್ನುತ್ತಾರೆ. ಅಲ್ಲಿಂದ ಉತ್ತರಕ್ಕೆ ನೋಡಿದರೆ ಮರಳ ದಂಡೆಯ ಮೇಲೆ ಹಾಕಿದ ಕಲ್ಲಿನ ರಾಶಿ ಸಾಲಾಗಿ ಕಾಣುತ್ತದೆ. ಎರಡೂ ಕಡೆ ಕಲ್ಲೇ. ಒಂದು ಆ ನೆಲದ ಬೇರಿನಿಂದಲೇ ಎದ್ದದ್ದು, ಇನ್ನೊಂದು ಎಲ್ಲಿಯೋ ಒಡೆದ ಗುಡ್ಡದಿಂದ ಲಾರಿಯಲ್ಲಿ ಬಂದು ಮರಳಿನ ಮೇಲೆ ಕೂತದ್ದು, ವರ್ಷಕ್ಕೆ ಇಷ್ಟಿಷ್ಟೇ ಹೂತುಹೋಗುತ್ತಿರುವುದು.